ಬೇಡ ಅಂದವರಿಲ್ಲ, ಬಿಡುವು ಕೊಟ್ಟವರೂ ಇಲ್ಲ

ಶಿವಮೊಗ್ಗದಲ್ಲಿ ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬ ಮಹಿಳೆಯ ಪ್ರಕರಣ ಇದು. ಅವರನ್ನು ಸುಮಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ. ಅವರಂಥ ಹೆಂಗಸರು ನಮ್ಮ ಮಲೆನಾಡಿನಲ್ಲಿ ಬಹಳ ಜನ ಇದ್ದಾರೆ. ಹಾಡುವವರು, ತಾಳಮದ್ದಲೆಯಲ್ಲಿ ಅರ್ಥ ಹೇಳುವವರು, ನಾಟಕದವರು, ಹಸೆ ಬರೆಯುವವರು. ಮಗು ಹುಟ್ಟಿದ ಮೇಲೋ, ಮನೆಯ ಹಿರಿಯರು ಹಾಸಿಗೆ ಹಿಡಿದ ಮೇಲೋ ಅವರ ಕಲೆ ಸದ್ದಿಲ್ಲದೆ ನಿಂತುಹೋಗುತ್ತದೆ. ಹಾಗಂತ ಯಾರೂ ಅವರಿಗೆ ನಿಲ್ಲಿಸು ಅಂದಿರುವುದಿಲ್ಲ. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಸುಮಾ ಅವರಿಗೆ 34 ವರ್ಷ. ಸಾಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ಎರಡು ದನ. ಮನೆಯಲ್ಲಿ ಗಂಡ, ನಾಲ್ಕು ವರ್ಷದ ಮಗ ಮತ್ತು ಲಕ್ವ ಹೊಡೆದು ಮಲಗಿರುವ ಅತ್ತೆ. ಭೂಮಿ ಹುಣ್ಣಿಮೆ ಕಳೆದ ವಾರದಲ್ಲಿ ಶಿವಮೊಗ್ಗಕ್ಕೆ ಬಸ್ಸು ಹತ್ತಿ ಒಬ್ಬರೇ ಬಂದಿದ್ದರು. ನಮ್ಮ ಅರ್ಜಿಯಲ್ಲಿ ಉದ್ಯೋಗ ಎಂಬ ಜಾಗದಲ್ಲಿ ‘ಮನೆಕೆಲಸ’ ಎಂದು ಬರೆದಿದ್ದರು. ತೊಂದರೆ ಏನು ಎಂಬಲ್ಲಿ ‘ತಲೆನೋವು, ನಿದ್ದೆ ಇಲ್ಲ, ಮಗುವಿಗೆ ಹೊಡೆದೆ’ ಎಂದಿತ್ತು. ಮಾತಾಡುವಾಗ ಕೈ ಬಿಗಿ ಹಿಡಿದು ಕೂತಿದ್ದರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು. ತೋಟದ ಕೆಲಸವಾ ಎಂದು ಕೇಳಿದೆ. “ಅಲ್ಲ ಮೇಡಂ, ಕೆಮ್ಮಣ್ಣು. ಸುಮ್ನೆ ಚಿತ್ತಾರ ಬರೀತೀನಿ” ಅಂದರು.

ಸುಮ್ನೆ ಬರೆಯುವುದಲ್ಲ ಅದು. ಹಸೆ ಚಿತ್ತಾರ ನೋಡದವರಿಗಾಗಿ ಎರಡು ಮಾತು ಹೇಳಬೇಕು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ತಲೆತಲಾಂತರದಿಂದ ಬರೆದುಕೊಂಡು ಬಂದ ಗೋಡೆ ಚಿತ್ರ ಇದು. ಮೊದಲು ಕೆಮ್ಮಣ್ಣು ಬಳಿಯಬೇಕು. ಅದು ಪೂರ್ತಿ ಒಣಗಬೇಕು. ಆಮೇಲೆ ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದ ಬಿಳಿ, ಕಪ್ಪಗೆ ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚ ಪುಂಡಿ ನಾರಿನದು. ಅದರಲ್ಲಿ ಎಳೆ ಎಳೆಯಾಗಿ, ಕೈ ನಡುಗದಂತೆ ಬರೆಯಬೇಕು. ಮದುವೆಗೆ ಹಸೆ ಗೋಡೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಅಡುಗೆ ತುಂಬಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊತ್ತೊಯ್ದು, ಬಸುರಿಯಾದ ಭೂಮಿತಾಯಿಗೆ ಬಯಕೆ ಊಟ ಬಡಿಸುತ್ತಾರೆ. ಈಗ ಇದೇ ಚಿತ್ತಾರ ಬಟ್ಟೆ, ಕ್ಯಾನ್ವಾಸ್, ಹೋಮ್‌ಸ್ಟೇ ಗೋಡೆಗಳಿಗೂ ಬಂದಿದೆ. ಸುಮಾ ಅಮ್ಮನಿಂದ, ಅಜ್ಜಿಯಿಂದ ಕಲಿತವರು. ಮದುವೆಗೆ ಮೊದಲೇ ಜನಪದ ಮೇಳಗಳಲ್ಲಿ ಬರೆದು ತೋರಿಸಿದವರು. ಊರಾಚೆಯಿಂದ ಹುಡುಕಿಕೊಂಡು ಬಂದು ಬರೆಸುವ ಜನ ಇದ್ದಾರೆ. ಅಂಥವರು ಉದ್ಯೋಗ ಎಂದರೆ ‘ಮನೆಕೆಲಸ’ ಎಂದು ಬರೆದಿದ್ದರು.

ಹೊಡೆದ ಪ್ರಸಂಗ ಹೀಗೆ. ಹಬ್ಬಕ್ಕೆ ಆರು ಬುಟ್ಟಿಗೆ ಬೇಡಿಕೆ ಬಂದಿತ್ತು. ತಮ್ಮ ಮನೆಯ ಬುಟ್ಟಿ ಬೇರೆ. ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ, ಮುಗಿಯುತ್ತಾ ಬಂದ ಬುಟ್ಟಿಯ ಮೇಲೆ ಮಗ ಕಪ್ಪು ಬಣ್ಣ ಮೆತ್ತಿದ ಅಂಗೈ ಒತ್ತಿದ. ಸುಮಾ ಬೆನ್ನಿಗೆ ಎರಡು ಬಿಟ್ಟರು. ಮಗು ಓಡಿಹೋಗಿ ಅಜ್ಜಿಯ ಮಂಚದ ಕೆಳಗೆ ಕೂತಿತು, ಕರೆದರೂ ಬರಲಿಲ್ಲ. ಒಳಗಿಂದ ಅತ್ತೆ ಏನೋ ಕೂಗುತ್ತಿದ್ದರು, ಅರ್ಥವಾಗಲಿಲ್ಲ. “ಭೂಮಿಗೆ ಬಯಕೆ ತೀರಿಸ್ತೀವಿ ಮೇಡಂ. ನಂಗೆ ಊಟ ಆಯ್ತಾ ಅಂತ ಕೇಳೋರಿಲ್ಲ” ಎಂದು ಹೇಳಿ ಬಹಳ ಹೊತ್ತು ಅತ್ತರು. ಆಮೇಲೆ, “ನಾನು ಒಳ್ಳೆ ತಾಯಿ ಅಲ್ಲ ಅಲ್ವಾ?” ಎಂದು ಕೇಳಿದರು.

ಇಂಥ ಪ್ರಶ್ನೆಗೆ ಕೂಡಲೇ ಸಮಾಧಾನ ಹೇಳುವುದು ಸುಲಭ. ನಾನು ಮೊದಲು ಅವರ ಸ್ಥಿತಿ ನೋಡಿದೆ. ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಿಎಚ್‌ಕ್ಯು ಪಟ್ಟಿಯಲ್ಲಿ ಅವರ ಅಂಕ ಮಧ್ಯಮ ಮಟ್ಟದಲ್ಲಿತ್ತು. ರೋಗಿಯನ್ನು ನೋಡಿಕೊಳ್ಳುವವರ ಹೊರೆ ತಿಳಿಯಲು 22 ಪ್ರಶ್ನೆಗಳ ಜಾರಿಟ್ ಪಟ್ಟಿ ಇದೆ. ಒಟ್ಟು 88ರಲ್ಲಿ ಅವರದು 50 ದಾಟಿತ್ತು. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಅಂದರು, ಆದರೆ ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತದೆ ಅಂದರು. ರಾತ್ರಿ ಹೊತ್ತು ಆ ಯೋಚನೆ ಜೋರಾದರೆ 14416ಕ್ಕೆ ಕರೆ ಮಾಡಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಕ್ತ ಪರೀಕ್ಷೆಗೂ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಹೆಂಗಸರು ಸುಸ್ತು ಅಂದಾಗ ಮನಸ್ಸಿನ ಮಾತು ಎಷ್ಟು ಮುಖ್ಯವೋ ರಕ್ತ ಪರೀಕ್ಷೆಯೂ ಅಷ್ಟೇ ಮುಖ್ಯ.

ಆಮೇಲೆ ಒಂದು ವಾರದ ದಿನಚರಿ ಬರೆದು ತರಲು ಹೇಳಿದೆ. ಏನು ಮಾಡಿದಿರಿ, ಎಷ್ಟು ಗಂಟೆಗೆ, ಆಗ ಮಗು ಎಲ್ಲಿತ್ತು, ಅತ್ತೆ ಹತ್ತಿರ ಯಾರಿದ್ದರು, ಮನಸ್ಸು ಹೇಗಿತ್ತು ಎಂದು ಒಂದು ಪದ, ಇಷ್ಟು ಸಾಕು ಅಂದೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಬರೆದು ತಂದರು. ಬೆಳಿಗ್ಗೆ ಐದಕ್ಕೆ ಏಳುವುದು. ಕೊಟ್ಟಿಗೆ, ತಿಂಡಿ, ಅತ್ತೆಯ ಬಟ್ಟೆ ಬದಲಿಸುವುದು, ಸ್ನಾನ, ಊಟ ತಿನ್ನಿಸುವುದು, ಮಗುವನ್ನು ಅಂಗನವಾಡಿಗೆ ಬಿಡುವುದು. ಮತ್ತೆ ಅಡುಗೆ, ಅತ್ತೆಗೆ ವ್ಯಾಯಾಮ, ತೋಟಕ್ಕೆ ಚಹಾ. ಚಿತ್ತಾರಕ್ಕೆ ಸಿಗುತ್ತಿದ್ದದ್ದು ರಾತ್ರಿ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಮಾತ್ರ. ಒಂದಕ್ಕೆ ಅತ್ತೆಯ ಮಗ್ಗುಲು ಬದಲಿಸುವುದು. ಮೂರಕ್ಕೆ ಮತ್ತೆ, ಐದಕ್ಕೆ ಮತ್ತೆ. ಎಂಟು ತಿಂಗಳಿಂದ ಆ ಹೆಂಗಸು ಒಂದೇ ಪಟ್ಟಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ಮಲಗಿರಲಿಲ್ಲ.

ಅದನ್ನು ಓದಿದ ಮೇಲೆ ತಲೆನೋವು ಯಾಕೆ, ಮಗುವಿಗೆ ಏಟು ಯಾಕೆ ಎಂದು ಬೇರೆ ಕಾರಣ ಹುಡುಕಬೇಕಾಗಲಿಲ್ಲ. ಬಂಧುಗಳು, ಅಕ್ಕಪಕ್ಕದವರು, ಸ್ವಂತ ಅಮ್ಮ ಕೂಡ ಒಂದೇ ಸಲಹೆ ಕೊಟ್ಟಿದ್ದರು: “ಎರಡು ವರ್ಷ ಚಿತ್ತಾರ ಬಿಡು ಮಾರಾಯ್ತಿ. ಮಗು ದೊಡ್ಡದಾಗಲಿ.” ಸುಮಾ ಕೂಡ ಅದನ್ನೇ ನನ್ನ ಬಾಯಿಂದ ಕೇಳಲು ಬಂದಿದ್ದರು ಅನ್ನಿಸುತ್ತದೆ. ನಾನು ಬಿಡಿ ಅನ್ನಲಿಲ್ಲ. ದಿನಚರಿಯಲ್ಲಿ ಪ್ರತಿ ಕೆಲಸದ ಮುಂದೆ ಮನಸ್ಸು ಹೇಗಿತ್ತು ಎಂದು ಒಂದು ಪದ ಬರೆಯಲು ಹೇಳಿದ್ದೆ. ಇಡೀ ವಾರದಲ್ಲಿ ‘ಹಗುರ’ ಎಂಬ ಪದ ಬಂದದ್ದು ಚಿತ್ತಾರದ ಹೊತ್ತಿನಲ್ಲಿ ಮಾತ್ರ. ಅದನ್ನೂ ತೆಗೆದರೆ ಉಳಿದ ದಿನ ಹೇಗೆ ನಡೆಯುತ್ತದೆ? ಎರಡು ವರ್ಷದ ಮಾತನ್ನೂ ನಾನು ಒಪ್ಪುವುದಿಲ್ಲ. ಮಗು ಶಾಲೆಗೆ ಸೇರಿದರೆ ಶಾಲೆಯ ಕೆಲಸ ಬರುತ್ತದೆ, ಅತ್ತೆಯ ಜೊತೆ ಇನ್ನೊಬ್ಬರಿಗೂ ವಯಸ್ಸಾಗುತ್ತದೆ. ಬಿಟ್ಟ ಕೈ ಬಿಟ್ಟೇ ಹೋಗುತ್ತದೆ. ತೆಗೆಯಬೇಕಾದದ್ದು ರಾತ್ರಿಯ ಎಚ್ಚರ.

ಹಾಗಾಗಿ ಮೊದಲ ಸಲಹೆ ಚಿತ್ತಾರದ್ದಲ್ಲ, ನಿದ್ದೆಯದು. ರಾತ್ರಿ ಬರೆಯುವುದನ್ನು ಅಂದಿನಿಂದಲೇ ನಿಲ್ಲಿಸಲು ಹೇಳಿದೆ. ಜೊತೆಗೆ ಅತ್ತೆಯ ವೈದ್ಯರನ್ನು ಒಂದು ಪ್ರಶ್ನೆ ಕೇಳಲು ಚೀಟಿ ಬರೆದುಕೊಟ್ಟೆ: ರಾತ್ರಿ ಮಗ್ಗುಲು ಬದಲಿಸುವ ಅಂತರ ಹೆಚ್ಚಿಸಬಹುದಾ? ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಎರಡು ಗಂಟೆಗೊಮ್ಮೆ ಎಂದಿದ್ದರು. ಹುಣ್ಣಾಗಬಾರದು ಎಂದು ಸುಮಾ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಎಂಟು ತಿಂಗಳಲ್ಲಿ ಅತ್ತೆ ಸ್ವಲ್ಪ ಚೇತರಿಸಿದ್ದರು, ಎಡಗೈ ಊರಿ ತುಸು ಹೊರಳುತ್ತಿದ್ದರು, ಗಾಳಿ ಹಾಸಿಗೆಯೂ ಬಂದಿತ್ತು. ವೈದ್ಯರು ಚರ್ಮ ಪರೀಕ್ಷಿಸಿ, ರಾತ್ರಿ ನಾಲ್ಕು ಗಂಟೆಗೊಮ್ಮೆ ಸಾಕು, ಎಲ್ಲಾದರೂ ಕೆಂಪಗಾದರೆ ಕೂಡಲೇ ಹೇಳಿ ಎಂದರು. ಇದು ಅವರ ಅತ್ತೆಗೆ ಹೇಳಿದ ಮಾತು, ಎಲ್ಲರಿಗೂ ಹೊಂದದು. ಆದರೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಎಲ್ಲರಿಗೂ ನಾನು ಹೇಳುವುದಿದೆ. ಆಸ್ಪತ್ರೆ ಕೊಟ್ಟ ಸೂಚನೆಗಳನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಕೇಳಿ. ರೋಗಿಯ ಸ್ಥಿತಿ ಬದಲಾಗಿರುತ್ತದೆ, ಮನೆಯ ನಿಯಮ ಮಾತ್ರ ಮೊದಲ ದಿನದ್ದೇ ಉಳಿದಿರುತ್ತದೆ.

ಮಗ್ಗುಲು ಬದಲಿಸುವ ಹೊತ್ತು ಈಗ ಹತ್ತು, ಎರಡು, ಆರು ಎಂದಾಯಿತು. ನಡುರಾತ್ರಿ ಏಳಬೇಕಾದದ್ದು ಒಂದೇ ಸಲ. ಆ ಎರಡು ಗಂಟೆಯದ್ದು ಯಾರದು?

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ, ಕುಡಿತ ಇಲ್ಲ, ಜೋರು ಮಾತಿಲ್ಲ. ಕೂತ ಕೂಡಲೇ ಹೇಳಿದರು: “ನಾನು ಯಾವತ್ತೂ ಬೇಡ ಅಂದಿಲ್ಲ ಮೇಡಂ. ಬೇಕಾದ್ರೆ ಅವಳನ್ನೇ ಕೇಳಿ. ಪೇಟೆಯಿಂದ ಕ್ಯಾನ್ವಾಸ್ ತಂದುಕೊಟ್ಟವನೇ ನಾನು.” ಅದು ನಿಜ. ನಾನು ಕೇಳಿದೆ, “ಅವರು ಬರೆಯುವಾಗ ಅಮ್ಮನನ್ನು ಯಾರು ನೋಡ್ತಾರೆ?”

“ಅವಳೇ... ಅಲ್ಲೇ ಇರ್ತಾಳಲ್ಲ.”

“ಮಗುವನ್ನು?”

ಅವರು ಹೆಂಡತಿಯ ಕಡೆ ನೋಡಿದರು. ದಿನಚರಿಯ ಹಾಳೆಗಳನ್ನು ಅವರ ಮುಂದಿಟ್ಟೆ. ನಿಧಾನವಾಗಿ ಓದಿದರು. “ರಾತ್ರಿ ಇಷ್ಟು ಸಲ ಏಳೋದು ನಂಗೆ ಗೊತ್ತೇ ಆಗಿರ್ಲಿಲ್ಲ” ಅಂದರು. ಪಕ್ಕದಲ್ಲೇ ಮಲಗಿದವರಿಗೆ ಗೊತ್ತಿರಲಿಲ್ಲ. ಇದರಲ್ಲಿ ಕೆಟ್ಟತನ ಇಲ್ಲ, ಅಭ್ಯಾಸ ಇದೆ. ಇಡೀ ದೇಶದಲ್ಲೇ ಹಾಗೆ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97 ನಿಮಿಷ. ಮನೆಯವರ ಆರೈಕೆ ಮಾಡುವವರಲ್ಲಿ ಹೆಂಗಸರು 134 ನಿಮಿಷ, ಗಂಡಸರು 76.

ಗಂಡನಿಗೆ ನಾನು ಹೇಳಿದ್ದು ಇಷ್ಟು. ನೀವು ಬೇಡ ಅಂದಿಲ್ಲ, ಸರಿ. ಆದರೆ ಚಿತ್ತಾರಕ್ಕೆ ಅನುಮತಿ ಸಾಲುವುದಿಲ್ಲ, ಹೊತ್ತು ಬೇಕು. ಆ ಹೊತ್ತಿನಲ್ಲಿ ಅಮ್ಮನನ್ನು, ಮಗುವನ್ನು ನೋಡಲು ಇನ್ನೆರಡು ಕೈ ಬೇಕು. ಆ ಕೈ ಯಾರದು ಎಂದು ತೀರ್ಮಾನ ಆಗದಿದ್ದರೆ ‘ಬರ್ಕೋ’ ಅನ್ನುವ ಮಾತಿಗೆ ಬೆಲೆಯಿಲ್ಲ. ಅಕ್ಕಿ ರುಬ್ಬಿ, ನಾರು ನೆನೆಸಿ, ಕೂತು ಕೈ ಹದಕ್ಕೆ ಬರಲು ಅರ್ಧ ಗಂಟೆ ಬೇಕು ಎಂದು ಸುಮಾ ಹೇಳಿದ್ದರು. ರುಬ್ಬಿದ ಹಿಟ್ಟು ಮರುದಿನಕ್ಕೆ ಹುಳಿಯಾಗುತ್ತದೆ. ಹತ್ತು ನಿಮಿಷ, ಹದಿನೈದು ನಿಮಿಷ ಎಂದು ಪುರುಸೊತ್ತು ಸಿಕ್ಕಾಗ ಮಾಡುವ ಕೆಲಸ ಇದಲ್ಲ. ಎರಡೂವರೆ ಗಂಟೆ ಒಟ್ಟಿಗೆ ಸಿಗಬೇಕು.

ಅವರು ಅಲ್ಲೇ ರಾತ್ರಿ ಎರಡು ಗಂಟೆಯದ್ದನ್ನು ಒಪ್ಪಿಕೊಂಡರು. ತಾಯಿಯ ಸ್ನಾನವನ್ನೂ ತಾನೇ ಮಾಡಿಸುತ್ತೇನೆ ಅಂದರು. ಅದನ್ನು ಮಾತ್ರ ತಡೆದೆ. ಯಾಕೆಂದರೆ ಅಲ್ಲಿವರೆಗೆ ಯಾರೂ ಕೇಳದ ಒಬ್ಬರಿದ್ದರು.

ಅತ್ತೆಗೆ ಮೆದುಳಿನ ಎಡಭಾಗದಲ್ಲಿ ಲಕ್ವ ಆಗಿತ್ತು. ಬಲಗೈ, ಬಲಗಾಲು ಬಿದ್ದಿದ್ದವು, ಮಾತು ಹೋಗಿತ್ತು. ಇಂಥ ಎಷ್ಟೋ ರೋಗಿಗಳಿಗೆ ಎದುರಿನವರು ಹೇಳಿದ್ದು ಚೆನ್ನಾಗಿಯೇ ತಿಳಿಯುತ್ತದೆ, ಹೇಳಲು ಮಾತ್ರ ಮಾತು ಬರುವುದಿಲ್ಲ. ಮನೆಯವರು ಅವರಿಗೆ ಬುದ್ಧಿಯೂ ಮಸುಕಾಗಿದೆ ಎಂದುಕೊಂಡಿದ್ದರು. “ಚಿತ್ತಾರ ಅತ್ತೆಗೆ ಇಷ್ಟ ಇಲ್ಲ. ಮದುವೆ ಇಲ್ಲದ ಮನೇಲಿ ಹಸೆ ಬರೀತಾರಾ ಅಂತ ಮೊದಲೇ ಹೇಳಿದ್ರು. ಈಗಲೂ ನಾನು ಬರೆಯೋಕೆ ಕೂತ್ರೆ ಒಳಗಿಂದ ಕೂಗ್ತಾರೆ” ಎಂದು ಸುಮಾ ನಂಬಿದ್ದರು.

ಅವರ ಮನೆಗೆ ಹೋದೆ. ಅತ್ತೆಯ ಮಂಚ ನಡುಮನೆ ದಾಟಿ ಒಳಗಿನ ಕತ್ತಲೆ ಕೋಣೆಯಲ್ಲಿತ್ತು. ಹೌದು ಆದರೆ ನನ್ನ ಕೈ ಒಮ್ಮೆ ಒತ್ತಿ, ಇಲ್ಲ ಆದರೆ ಎರಡು ಸಲ ಎಂದು ಹೇಳಿ ಎಡಗೈ ಹಿಡಿದು ಕೂತೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮೊದಲು ಕೇಳಿದೆ, ಸರಿಯಾಗಿ ಒತ್ತಿದರು. ಸೊಸೆ ಚಿತ್ತಾರ ಬರೆದರೆ ಬೇಜಾರಾ? ಎರಡು ಸಲ ಒತ್ತಿದರು. ಒಬ್ಬರೇ ಇಲ್ಲಿ ಮಲಗುವುದು ಬೇಜಾರಾ? ಒಮ್ಮೆ, ಜೋರಾಗಿ. ಮಂಚ ಜಗಲಿಗೆ ಹಾಕಬೇಕಾ? ಮತ್ತೆ ಜೋರಾಗಿ. ಮಗ ಸ್ನಾನ ಮಾಡಿಸಬಹುದಾ ಎಂದಾಗ ಕೈ ಕಿತ್ತುಕೊಂಡು ಮುಖ ತಿರುಗಿಸಿದರು. ಊಟ ತಿನ್ನಿಸಬಹುದಾ, ಕಾಲು ಆಡಿಸಬಹುದಾ? ಆಗಬಹುದು.

ಮಂಚ ಜಗಲಿಗೆ ಬಂತು. ನಾನು ಕೊಟ್ಟ ಯಾವ ಸಲಹೆಗಿಂತಲೂ ಇದರಿಂದ ಸುಮಾ ಅವರ ದಿನ ಜಾಸ್ತಿ ಹಗುರಾಯಿತು. ಹೋಗಿ ಬರುವವರು ಮಾತಾಡಿಸುತ್ತಾರೆ, ಒಂದು ಲೋಟ ನೀರು ಕೊಡುತ್ತಾರೆ. ಒಳಗಿಂದ ಕೂಗುವುದು ಬಹಳ ಮಟ್ಟಿಗೆ ನಿಂತಿತು. ಆ ಮುದುಕಿ ಕೂಗುತ್ತಿದ್ದದ್ದು ಚಿತ್ತಾರ ಬೇಡ ಎಂದಲ್ಲ, ತಾನು ಇಲ್ಲಿದ್ದೇನೆ ಎಂದು. ಹಿರಿಯರ ಆರೈಕೆ ಹಂಚಿಕೊಳ್ಳುವ ಮೊದಲು ಅವರನ್ನೇ ಕೇಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಯಾರ ಕೈ ಯಾವ ಕೆಲಸಕ್ಕೆ ಒಗ್ಗುತ್ತದೆ ಎಂದು ತೀರ್ಮಾನಿಸುವ ಹಕ್ಕು ಮಲಗಿದವರಿಗೂ ಇದೆ.

ಸ್ನಾನಕ್ಕೆ ಮತ್ತು ಬೆಳಗಿನ ಹೊತ್ತಿಗೆ ನೆರೆಮನೆಯ ಒಬ್ಬ ಹಿರಿಯ ಹೆಂಗಸು ಸಿಕ್ಕಿದರು. ವಾರಕ್ಕೆ ಮೂರು ದಿನ, ಹತ್ತರಿಂದ ಹನ್ನೆರಡೂವರೆ. ಮಗು ಅಂಗನವಾಡಿಯಲ್ಲಿರುವ ಹೊತ್ತು. ಅವರಿಗೆ ದುಡ್ಡು ಕೊಡಲೇಬೇಕು ಎಂದು ಹೇಳಿದೆ. ಸುಮಾ ಹಿಂಜರಿದರು. “ಅತ್ತೆಯನ್ನು ಕೂಲಿಯವರ ಕೈಗೆ ಕೊಟ್ಟು ಇವಳು ಚಿತ್ರ ಬರೀತಾ ಕೂತಿದಾಳೆ ಅಂತಾರೆ.” ಅನ್ನಬಹುದು. ತೋಟಕ್ಕೆ ಆಳು ಕರೆದಾಗ ಗಂಡನನ್ನು ಯಾರೂ ಹಾಗೆ ಅನ್ನುವುದಿಲ್ಲ ಅಲ್ವಾ? ಪುಕ್ಕಟೆ ಉಪಕಾರ ಹಬ್ಬದ ದಿನ, ಗದ್ದೆ ಕೆಲಸದ ದಿನ ಕೈಕೊಡುತ್ತದೆ. ಸಂಬಳ ಗೊತ್ತು ಮಾಡಿದರೆ ಇಬ್ಬರಿಗೂ ಮರ್ಯಾದೆ.

ಆ ಸಂಬಳ ಎಲ್ಲಿಂದ? ಲೆಕ್ಕ ಹಾಕಲು ಕೂತೆವು. ಒಂದು ಬುಟ್ಟಿ 500 ರೂಪಾಯಿಗೆ ಕೊಡುತ್ತಿದ್ದರು. ಖಾಲಿ ಬುಟ್ಟಿಗೇ 200 ಹೋಗುತ್ತಿತ್ತು. ಬರೆಯಲು ಆರು ಗಂಟೆ. ಅಂದರೆ ಗಂಟೆಗೆ 50 ರೂಪಾಯಿ, ಅದೂ ಗಂಡನ ಮೊಬೈಲಿನ ಗೂಗಲ್ ಪೇಗೆ ಬಂದು ಅಂಗಡಿ ಸಾಮಾನಿನಲ್ಲಿ ಕರಗುತ್ತಿತ್ತು. ತನ್ನ ಕಲೆಯಿಂದ ವರ್ಷಕ್ಕೆ ಎಷ್ಟು ಬಂತು ಎಂದು ಅವರಿಗೇ ಗೊತ್ತಿರಲಿಲ್ಲ. ಸ್ವಂತ ಖಾತೆಗೆ ತಮ್ಮ ನಂಬರ್ ಜೋಡಿಸಿಕೊಳ್ಳಲು ಹೇಳಿದೆ. ಬೆಲೆ ಹೇಳುವಾಗ ತಮ್ಮ ಗಂಟೆಗಳ ಜೊತೆಗೆ ಅತ್ತೆಯ ಹತ್ತಿರ ಕೂರುವವರ ಸಂಬಳವನ್ನೂ ಸೇರಿಸಲು ಹೇಳಿದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕುಶಲಕರ್ಮಿಗಳಿಗೆ ಕೊಡುವ ‘ಪೆಹಚಾನ್’ ಗುರುತಿನ ಚೀಟಿಗೆ ಅರ್ಜಿ ಹಾಕಲೂ ಹೇಳಿದೆ. ಬೆಲೆ ಏರಿಸಿದ ಮೇಲೆ ಇಬ್ಬರು ಗಿರಾಕಿ ಬಿಟ್ಟುಹೋದರು, ಉಳಿದವರು ಕೊಟ್ಟರು.

ಶಿವಮೊಗ್ಗದಲ್ಲಿರುವ ನಾದಿನಿಯದು ಇನ್ನೊಂದು ಕತೆ. ದಿನಾ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಅದು ಕೊಡಿ, ಇದು ಕೊಡಿ ಎನ್ನುತ್ತಿದ್ದರು. ಸುಮಾ “ನೀವೂ ಬಂದ್ರೆ ಚೆನ್ನಾಗಿತ್ತು” ಎಂದು ತೇಲಿಸಿ ಹೇಳುತ್ತಿದ್ದರು, ಅವರು “ಬರಬೇಕು, ನೋಡೋಣ” ಎಂದು ತೇಲಿಸಿ ಉತ್ತರ ಕೊಡುತ್ತಿದ್ದರು. ಹೀಗೆ ಕೇಳಬೇಡಿ ಅಂದೆ. ತಾರೀಕು ಹೇಳಿ, ಕೆಲಸ ಹೇಳಿ: “ಅತ್ತಿಗೆ, ಬರುವ ತಿಂಗಳು ಎರಡನೇ ಶನಿವಾರ, ಭಾನುವಾರ ಅಮ್ಮನನ್ನು ನೀವು ನೋಡ್ಕೊಳ್ಳಿ. ನಾನು ತವರಿಗೆ ಹೋಗಿ ಬರ್ತೀನಿ.” ಈ ಮಾತನ್ನು ನನ್ನೆದುರು ಹೇಳಿ ರೂಢಿ ಮಾಡಿಕೊಂಡರು. ಫೋನಿನಲ್ಲಿ ಹೇಳುವಾಗ ಗಂಡನೂ ಪಕ್ಕದಲ್ಲಿದ್ದು ಹೌದು ಅನ್ನಬೇಕು ಎಂದು ಒಪ್ಪಂದ ಆಯಿತು. ನಾದಿನಿ ಬಂದರು.

ಮಗನ ವಿಷಯ. ಹೊಡೆದದ್ದನ್ನು ಮರೆಸಲು ಸುಮಾ ಚಾಕಲೇಟು ಕೊಟ್ಟಿದ್ದರು. ಅದರ ಬದಲು ಕೂತು ಹೇಳಿ ಅಂದೆ, ನಾಲ್ಕು ವರ್ಷದವನಿಗೆ ತಿಳಿಯುವಷ್ಟೇ: “ಅಮ್ಮ ನಿಂಗೆ ಹೊಡೆದದ್ದು ತಪ್ಪು. ಅಮ್ಮಂಗೆ ಸುಸ್ತಾಗಿತ್ತು. ನಿನ್ನಿಂದ ಅಲ್ಲ.” ಹೇಳಿದರಂತೆ. ಅವನು ಕೇಳಿಸಿಕೊಂಡು, ಬುಟ್ಟಿ ಎಲ್ಲಿ ಎಂದು ಕೇಳಿದನಂತೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಕೈಗೂ ಬಣ್ಣ ಕೊಟ್ಟು ಬರೆಯಿರಿ ಎಂದು ಬಹಳ ಜನ ಸಲಹೆ ಕೊಡುತ್ತಾರೆ. ದುಡಿಮೆಯ ಹೊತ್ತಿಗೆ ನಾನು ಇದನ್ನು ಒಪ್ಪುವುದಿಲ್ಲ. ಎಳೆಯ ಮೇಲೆ ಕಣ್ಣಿಟ್ಟವರು ಮಗುವಿನ ಮೇಲೆ ಕಣ್ಣಿಡಲಾರರು. ಕೊನೆಗೆ ಎರಡೂ ಕೆಟ್ಟು, ಏಟು ಬೀಳುವುದು ಮಗುವಿಗೆ. ಬರೆಯುವ ಹೊತ್ತು ಮಗು ಬೇರೆಯವರ ಹತ್ತಿರ ಇರಲಿ. ಸಂಜೆ ಅವನಿಗೇ ಒಂದು ಹಲಗೆ, ಕೆಮ್ಮಣ್ಣು ಕೊಟ್ಟು ಅಮ್ಮ ಜೊತೆಗೆ ಕೂರಲಿ. ಅಲ್ಲಿ ಏನು ಮೆತ್ತಿದರೂ ಸರಿ.

ಒಳ್ಳೆ ತಾಯಿಯ ಪ್ರಶ್ನೆ ಉಳಿದಿತ್ತು. ಡೊನಾಲ್ಡ್ ವಿನ್ನಿಕಾಟ್ ಎಂಬ ಬ್ರಿಟನ್ನಿನ ಮಕ್ಕಳ ವೈದ್ಯರು, ಮನೋವಿಶ್ಲೇಷಕರೂ ಹೌದು, ಕಳೆದ ಶತಮಾನದ ನಡುವಿನಲ್ಲೇ ಇದರ ಬಗ್ಗೆ ಯೋಚಿಸಿದ್ದರು. ಹಸುಗೂಸಿಗೆ ತಾಯಿ ಮೊದಮೊದಲು ಪೂರ್ತಿ ಒದಗಬೇಕು. ಮಗು ಬೆಳೆದಂತೆ, ಅದು ತಾಳಿಕೊಳ್ಳುವಷ್ಟು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಬೇಕು. ಹಾಗೆ ಸರಿಯುವುದೂ ತಾಯ್ತನದ ಕೆಲಸವೇ. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಎರಡೂವರೆ ಗಂಟೆ ಅಮ್ಮ ಸಿಗದಿದ್ದರೆ ಏನೂ ಕೊರತೆಯಾಗುವುದಿಲ್ಲ. ನಿದ್ದೆಗೆಟ್ಟು ಸಿಡುಕುವ ಅಮ್ಮ ದಿನವಿಡೀ ಸಿಕ್ಕರೆ ಆಗುತ್ತದೆ. ಇದನ್ನು ಸುಮಾ ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ಇಷ್ಟಾಗಿಯೂ ಕೊಯ್ಲು ಬಂದ ಕೂಡಲೇ ಎಲ್ಲ ಬಿದ್ದುಹೋಯಿತು. ಅಡಿಕೆ ಕೊಯ್ಲು ಎಂದರೆ ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಬರುವ ದಿನ ಗೊತ್ತಿರುವುದಿಲ್ಲ. ಸುಲಿಯುವವರಿಗೆ ಊಟ, ಚಹಾ, ರಾತ್ರಿವರೆಗೆ ಸುಲಿತ, ಬೇಯಿಸುವುದು, ಒಣಗಿಸುವುದು. ನೆರೆಮನೆಯ ಹೆಂಗಸೂ ಸುಲಿಯಲು ಹೋದರು. ಗಂಡ ದಣಿದು ಮಲಗಿ, ಎರಡು ಗಂಟೆಗೆ ಏಳುವುದು ಹಲವು ರಾತ್ರಿ ತಪ್ಪಿತು. ಸುಮಾ ಫೋನ್ ಮಾಡಿ, ಆಗೋದಿಲ್ಲ ಮೇಡಂ, ಬಿಟ್ಟುಬಿಡ್ತೀನಿ ಅಂದರು. ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಹತ್ತು ದಿನ ಬರಲು ಆಹ್ವಾನವೂ ಅದೇ ಹೊತ್ತಿಗೆ ಬಂದಿತ್ತು.

ಕೊಯ್ಲು ಮುಗಿಯುವವರೆಗೆ ಕುಂಚ ಕೆಳಗಿಡಿ ಎಂದು ನಾನೇ ಹೇಳಿದೆ. ಆದರೆ ಮತ್ತೆ ಶುರು ಮಾಡುವ ತಾರೀಕನ್ನು ಇವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಗಂಡನ ಕೈಯಲ್ಲೇ ಬರೆಸಿ. ರಾತ್ರಿ ಎರಡರದ್ದು ಮಾತ್ರ ಅವರು ಬಿಡಬಾರದು, ಅಲಾರಾಂ ಅವರ ದಿಂಬಿನ ಹತ್ತಿರ ಇರಲಿ. ಪ್ರದರ್ಶನಕ್ಕೆ ಆಗಲ್ಲ ಎಂದು ತೀರ್ಮಾನಿಸಿದ್ದು ಸುಮಾ. ನಾನು ಒತ್ತಾಯ ಮಾಡಲಿಲ್ಲ. ಉತ್ತರ ಬರೆಯಲು ನೆರವಾದೆ. “ಮನೆಯಲ್ಲಿ ತೊಂದರೆ, ಕ್ಷಮಿಸಿ” ಎಂಬುದರ ಬದಲು, “ಡಿಸೆಂಬರ್ ನಮಗೆ ಅಡಿಕೆ ಕೊಯ್ಲು. ಫೆಬ್ರವರಿಯಿಂದ ಮೇ ಒಳಗೆ ಯಾವಾಗ ಕರೆದರೂ ಬರುತ್ತೇನೆ” ಎಂದು ಬರೆದರು. ಆಗಲೇ ಇಬ್ಬರಿಗೂ ಹೊಳೆದದ್ದು, ಇವರ ಕಲೆಯ ವರ್ಷವನ್ನು ತೋಟದ ವರ್ಷದ ಜೊತೆಗಿಟ್ಟೇ ಯೋಚಿಸಬೇಕು ಎಂದು. ಜೂನ್, ಜುಲೈಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವುದು, ನವೆಂಬರಿನಿಂದ ಜನವರಿ ಕೊಯ್ಲು. ದೊಡ್ಡ ಗೋಡೆಗಳನ್ನು ಬೇಸಿಗೆಗೆ ಒಪ್ಪಿಕೊಂಡರೆ ಗಂಡನ ಕೈಯೂ ಬಿಡುವಾಗಿರುತ್ತದೆ, ಕೆಮ್ಮಣ್ಣೂ ಬೇಗ ಒಣಗುತ್ತದೆ.

ಸಂಕ್ರಾಂತಿ ಕಳೆದು ಬರೆದ ತಾರೀಕಿಗಿಂತ ಸ್ವಲ್ಪ ತಡವಾಗಿ ಮತ್ತೆ ಶುರು ಮಾಡಿದರು. ಫೆಬ್ರವರಿಯಲ್ಲಿ ತೀರ್ಥಹಳ್ಳಿ ಕಡೆಯ ಒಂದು ಹೋಮ್‌ಸ್ಟೇಯಲ್ಲಿ 12 ಅಡಿ ಗೋಡೆ ಬರೆಯಲು ನಾಲ್ಕು ದಿನ ಹೋದರು. ನಾದಿನಿ ಬಂದು ಮನೆಯಲ್ಲಿದ್ದರು. ಮಗ ಮೊದಲ ರಾತ್ರಿ ಅತ್ತ, ಬಹಳ ತಡವಾಗಿ ಮಲಗಿದ. ಮಲಗುವ ಹೊತ್ತಿಗೆ ವಿಡಿಯೋ ಕಾಲ್ ಮಾಡಬೇಡಿ, ಬೆಳಿಗ್ಗೆ ತಿಂಡಿ ಹೊತ್ತಿಗೆ ಮಾಡಿ ಎಂದು ಮೊದಲೇ ಹೇಳಿದ್ದೆ. ರಾತ್ರಿ ಅಮ್ಮನ ಮುಖ ಕಂಡು, ಕೈಗೆ ಸಿಗದಿದ್ದರೆ ಈ ವಯಸ್ಸಿನ ಮಕ್ಕಳಿಗೆ ಸಂಕಟ ಜಾಸ್ತಿ. ಎರಡನೇ ರಾತ್ರಿಯಿಂದ ಅಪ್ಪನ ಜೊತೆ ಮಲಗಿದ. ಸುಮಾ ಗೋಡೆ ಮುಗಿಸಿ ಬಂದರು. ಹಣ ಅವರ ಖಾತೆಗೇ ಬಂತು.

ಈಗ ಖಿನ್ನತೆಯ ಅಂಕ ಕಡಿಮೆ ಮಟ್ಟಕ್ಕೆ ಇಳಿದಿದೆ. ತಲೆನೋವು ಆಗೀಗ ಬರುತ್ತದೆ. ಮಗನ ಮೇಲೆ ಕೈ ಎತ್ತಿಲ್ಲ, ರೇಗಿದ್ದಿದೆ. ನಾದಿನಿ ಪ್ರತಿ ತಿಂಗಳು ಬರಲು ಆಗುವುದಿಲ್ಲ, ಎರಡು ತಿಂಗಳಿಗೊಮ್ಮೆ ಬರುತ್ತೇನೆ ಎಂದಿದ್ದಾರೆ. ಊರಿನ ಇಬ್ಬರು ಹುಡುಗಿಯರು ಕಲಿಯಲು ಬರುತ್ತಿದ್ದಾರೆ, ದೊಡ್ಡ ಕೆಲಸದಲ್ಲಿ ಬಣ್ಣ ತುಂಬಲು ಅವರನ್ನು ಸೇರಿಸಿಕೊಳ್ಳುವ ಯೋಚನೆ ಇದೆ. ಮೊದಲ ದಿನದಿಂದಲೇ ಅವರಿಗೂ ಇಂತಿಷ್ಟು ಎಂದು ಕೊಡಿ ಎಂದಿದ್ದೇನೆ. ಮುಂದಿನ ಭೇಟಿ ಮೇ ತಿಂಗಳ ಕೊನೆಗೆ. ಅಷ್ಟರಲ್ಲಿ ಮಳೆಗಾಲದ ಯೋಜನೆ ಮಾಡಿಕೊಂಡು ಬನ್ನಿ ಎಂದು ಇಬ್ಬರಿಗೂ ಹೇಳಿದ್ದೇನೆ: ಮಳೆ ಜೋರಾಗಿ ಅಂಗನವಾಡಿಗೆ ರಜೆ ಕೊಟ್ಟ ದಿನ ಮಗು ಯಾರ ಹತ್ತಿರ, ಔಷಧಿ ಹೊಡೆಯುವ ವಾರದಲ್ಲಿ ರಾತ್ರಿ ಎರಡಕ್ಕೆ ಏಳುವವರು ಯಾರು, ಗೋಡೆ ಒಣಗದ ತಿಂಗಳುಗಳಲ್ಲಿ ಬಟ್ಟೆ, ಕಾಗದದ ಮೇಲೆ ಎಷ್ಟು ಕೆಲಸ ಒಪ್ಪಿಕೊಳ್ಳಬಹುದು. ಉತ್ತರಗಳನ್ನು ಗಂಡನೇ ಬರೆದು ತರಬೇಕು ಎಂದು ಮಾತಾಗಿದೆ.